ಇಳಿತದ ಹೊತ್ತಿಗೆ ಗೋಕರ್ಣದ ಬಂಡೆಗಳ ಮೇಲೆ

ಡಿಸೆಂಬರ್ ಬಂತೆಂದರೆ ಬಯಲುಸೀಮೆಯ ಶಾಲೆಗಳ ಪ್ರವಾಸದ ಬಸ್ಸುಗಳು ಘಟ್ಟ ಇಳಿಯತೊಡಗುತ್ತವೆ. ಜೋಗ ನೋಡಿ, ಇಡಗುಂಜಿಯಲ್ಲಿ ಕೈಮುಗಿದು, ಮುರ್ಡೇಶ್ವರವನ್ನೋ ಗೋಕರ್ಣವನ್ನೋ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಮಕ್ಕಳು ಹೋ ಎಂದು ನೀರಿಗೆ ಓಡುತ್ತಾರೆ. ಒಂದೂವರೆ ಗಂಟೆ ಅಲೆಗಳಲ್ಲಿ ಕುಣಿದು, ಮರಳು ಮೆತ್ತಿದ ಬಟ್ಟೆಯಲ್ಲೇ ಬಸ್ಸು ಹತ್ತುತ್ತಾರೆ. ಊರಿಗೆ ಹೋಗಿ ಸಮುದ್ರ ನೋಡಿ ಬಂದೆವೆನ್ನುತ್ತಾರೆ. ಪಾಪ, ಅವರು ನೋಡಿದ್ದು ಬರೀ ನೀರು. ಆ ನೀರಿನ ಅಂಚಿನಲ್ಲಿ ಬದುಕುವ ಜೀವಿಗಳಲ್ಲಿ ಒಂದನ್ನಾದರೂ ನೋಡಿದವರು ಬಸ್ಸಿನಲ್ಲಿ ಇಬ್ಬರು ಮೂವರು ಇದ್ದರೆ ಹೆಚ್ಚು.

ಹೀಗೆ ಓಡುವುದರಲ್ಲಿ ಅಪಾಯವೂ ಇದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದಡಕ್ಕೆ ನುಗ್ಗಿದ ನೀರು ಒಂದು ಕಿರಿದಾದ ಜಾಗ ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ನೋಡುವವರಿಗೆ ಅದೇ ಶಾಂತವಾದ, ಸ್ನಾನಕ್ಕೆ ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತದೆ. ಅಂಥ ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರೀಜು ಹೊಡೆದರೆ ಸೋತುಹೋಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿಯಬೇಕು. ಈಜು ಬಾರದ ಮಕ್ಕಳಿಗೆ ಈ ಉಪದೇಶದಿಂದ ಏನು ಪ್ರಯೋಜನ? ಅವರನ್ನು ನೀರಿಗೆ ಇಳಿಸದಿರುವುದೇ ಸರಿ. ಹಾಗೆ ತಡೆದರೆ ಮಕ್ಕಳಿಗೆ ಬೇಸರವಾಗುತ್ತದೆಂದು ಮೇಷ್ಟ್ರುಗಳು, ತಂದೆತಾಯಿಗಳು ಅಳುಕುತ್ತಾರೆ. ಇಳಿತದ ಹೊತ್ತಿಗೆ ಹೋದರೆ ಆ ಅಳುಕು ಬೇಡ.

ಕಡಲಿಗೆ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುವುದನ್ನು ಗಮನಿಸಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ನೀರು ಹೆಚ್ಚು ಏರಿ, ಹೆಚ್ಚು ಇಳಿಯುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಆ ದಿನಗಳ ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತದೆ. ನಡುಮಧ್ಯಾಹ್ನದ ಹೊತ್ತಿಗೆ ಉಬ್ಬರ. ಪ್ರವಾಸದ ದಿನ ಗೊತ್ತು ಮಾಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ಕೆಂಪು ಅಂಕಿ ನೋಡುವಂತೆ ತಿಥಿಯನ್ನೂ ನೋಡಿದರೆ ಅರ್ಧ ಕೆಲಸ ಆದಂತೆ.

ಗೋಕರ್ಣದ ಊರಿನಿಂದ ತೆಂಕಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ ಕಡಲತೀರ. ಮತ್ತೊಂದು ಗುಡ್ಡ ದಾಟಿದರೆ ಓಂ ತೀರ. ಎರಡು ಮರಳಿನ ಬಿಲ್ಲುಗಳ ನಡುವೆ ಕಪ್ಪು ಬಂಡೆಗಳ ಚಾಚು ಕಡಲಿಗೆ ನುಗ್ಗಿದೆ. ಮೇಲಿನಿಂದ ನೋಡಿದರೆ ಓಂಕಾರದ ಆಕಾರ, ಅದರಿಂದಲೇ ಆ ಹೆಸರು. ನೀರು ಇಳಿದಾಗ ಈ ಬಂಡೆಗಳ ಸಂದಿಗಳಲ್ಲಿ ಬೋಗುಣಿಯಷ್ಟು, ಬಕೆಟ್ಟಿನಷ್ಟು ಉಪ್ಪುನೀರು ಉಳಿದುಕೊಳ್ಳುತ್ತದೆ. ನೋಡಬೇಕಾದದ್ದು ಆ ಗುಂಡಿಗಳನ್ನು.

ಮೊದಲು ಬಂಡೆಯ ಮೈಯನ್ನೇ ನೋಡಬೇಕು. ಮೇಲಿಂದ ಕೆಳಗೆ ಜೀವಿಗಳು ಪಟ್ಟಿಪಟ್ಟಿಯಾಗಿ ನೆಲೆಸಿರುತ್ತವೆ. ತೀರಾ ಮೇಲೆ, ಬರೀ ತುಂತುರು ತಾಗುವಲ್ಲಿ ಕಾಳಿನಷ್ಟು ಸಣ್ಣ ಬಸವನಹುಳುಗಳು. ಅದರ ಕೆಳಗೆ ಕಾಲಿಗೆ ಚುಚ್ಚುವ ಬಿಳಿ ಬಾರ್ನಕಲ್‌ಗಳು, ಇನ್ನೂ ಕೆಳಗೆ ಸಿಂಪಿಗಳು, ಪಾಚಿ. ಬಾರ್ನಕಲ್ ಕಲ್ಲಿನ ಮೇಲಿನ ಕಲ್ಲಿನಂತೆ ಕಂಡರೂ ಅದು ಏಡಿ, ಸಿಗಡಿಗಳ ದಾಯಾದಿ. ಮರಿಯಾಗಿದ್ದಾಗ ನೀರಲ್ಲಿ ಈಜಾಡಿ, ಜಾಗ ಹಿಡಿಸಿದ ಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಆಮೇಲೆ ಜೀವಮಾನವೆಲ್ಲ ತಲೆಕೆಳಗಾಗಿ ನಿಂತು ಕಾಲುಗಳಿಂದ ನೀರನ್ನು ಗೋರಿ ಆಹಾರ ಹಿಡಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇದೇ ಜೀವಿಯ ಅಧ್ಯಯನದಲ್ಲಿ ಕಳೆದ. ಗುಂಡಿಯ ನೀರು ತಿಳಿಯಾಗಿದ್ದರೆ, ನೆರಳು ಬೀಳದಂತೆ ಐದು ನಿಮಿಷ ಕುಕ್ಕರಗಾಲಲ್ಲಿ ಕೂತರೆ, ಬಾರ್ನಕಲ್ಲಿನ ಬಾಗಿಲು ತೆರೆದು ಗರಿಯಂಥ ಕಾಲುಗಳು ಬೀಸುವುದು ಬರಿಗಣ್ಣಿಗೇ ಕಾಣುತ್ತದೆ.

ಅಲ್ಲೇ ಕಡಲಹೂವುಗಳಿರುತ್ತವೆ. ಹೂವಲ್ಲ, ಜೆಲ್ಲಿಮೀನಿನ ಬಳಗದ ಪ್ರಾಣಿ. ನೀರಿನಲ್ಲಿದ್ದಾಗ ಎಸಳು ಬಿಚ್ಚಿ, ನೀರು ಇಳಿದಾಗ ಲೋಳೆಯ ಗುಂಡಿನಂತೆ ಮುದುಡಿರುತ್ತವೆ. ಅಲ್ಲೊಂದು ಶಂಖ ತಾನಾಗಿಯೇ ನಡೆದು ಹೋಗುತ್ತಿದ್ದರೆ ಒಳಗೆ ಸನ್ಯಾಸಿ ಏಡಿ ಇದೆ ಎಂದು ಅರ್ಥ. ಇದರ ಹಿಂಭಾಗಕ್ಕೆ ಗಟ್ಟಿ ಚಿಪ್ಪಿಲ್ಲ. ಸತ್ತ ಬಸವನಹುಳುವಿನ ಚಿಪ್ಪೇ ಮನೆ; ಮೈ ಬೆಳೆದಂತೆ ಮನೆಯನ್ನೂ ಬದಲಿಸಬೇಕು. ಪ್ರವಾಸಿಗರು ಚೀಲಗಟ್ಟಲೆ ಚಿಪ್ಪು ಹೊತ್ತೊಯ್ದರೆ ಈ ಸನ್ಯಾಸಿಗೆ ಬಾಡಿಗೆ ಮನೆಯೂ ಇಲ್ಲ. ಎಷ್ಟೋ ಸಲ ಚೀಲಕ್ಕೆ ಹಾಕಿದ ಚಿಪ್ಪಿನೊಳಗೆ ಅವನೇ ಇರುತ್ತಾನೆ. ಮೂರನೆಯ ದಿನ ಮನೆಯ ಕಪಾಟಿನಿಂದ ವಾಸನೆ ಬರತೊಡಗಿದಾಗ ತಿಳಿಯುತ್ತದೆ.

ಮರಳಿನ ಮೇಲೆ ಸಾಸಿವೆ, ಮೆಣಸಿನಕಾಳಿನಷ್ಟು ಉಂಡೆಗಳು ರಂಗೋಲಿಯಂತೆ ಹರಡಿರುವುದನ್ನು ಎಲ್ಲರೂ ತುಳಿದುಕೊಂಡೇ ಹೋಗುತ್ತಾರೆ. ಅದು ಪುಟ್ಟ ಏಡಿಗಳ ಊಟದ ಎಂಜಲು. ಮರಳನ್ನು ಬಾಯಿಗಿಟ್ಟು ಅದಕ್ಕೆ ಅಂಟಿದ ಸೂಕ್ಷ್ಮಜೀವಿಗಳನ್ನು ಹೀರಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬಿಸಾಡುತ್ತವೆ. ಮುಂದಿನ ಉಬ್ಬರ ಆ ಉಂಡೆಗಳನ್ನೆಲ್ಲ ಕರಗಿಸುತ್ತದೆ. ಬೆಳ್ಳಗೆ ಹಗುರವಾಗಿ, ದೋಣಿಯಾಕಾರದಲ್ಲಿ ಸಿಗುವ ವಸ್ತು ಸಮುದ್ರನೊರೆ. ಹೆಸರಿಗೆ ನೊರೆ, ನಿಜದಲ್ಲಿ ಕಪ್ಪೆ ಬೊಂಡಾಸಿನ ಮೈಯೊಳಗಿನ ಚಿಪ್ಪು. ಅದರ ಸಣ್ಣ ಸಣ್ಣ ಕೋಣೆಗಳಲ್ಲಿ ಅನಿಲ, ದ್ರವಗಳ ಪ್ರಮಾಣ ಬದಲಿಸಿ ಪ್ರಾಣಿ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಇದನ್ನು ಮಾತ್ರ ಮನೆಗೆ ಒಯ್ದು ನೀರಲ್ಲಿ ತೇಲಿಸಿ ನೋಡಬಹುದು. ದಡಕ್ಕೆ ಬಿದ್ದ ಜೆಲ್ಲಿಮೀನನ್ನು ಮುಟ್ಟಬಾರದು. ಸತ್ತ ಮೇಲೂ ಅದರ ಕುಟುಕುವ ಕೋಶಗಳು ಕೆಲಸ ಮಾಡುತ್ತವೆ. ಬಾಲ ಹುಟ್ಟಿನಂತೆ ಚಪ್ಪಟೆಯಾಗಿರುವ ಹಾವು ಕಂಡರೆ ಅದು ಕಡಲಹಾವು, ವಿಷದ್ದು. ದೂರದಿಂದ ನೋಡಿ ಸರಿಯುವುದು.

ಡಾಲ್ಫಿನ್ ನೋಡಬೇಕೆನ್ನುವವರು ಬೆಳಿಗ್ಗೆ ಬೇಗ ಗುಡ್ಡದ ನೆತ್ತಿಗೆ ಹೋಗಬೇಕು. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಬೀಸತೊಡಗಿ ನೀರಿನ ಮೇಲೆಲ್ಲ ಬಿಳಿ ನೊರೆ ಏಳುತ್ತದೆ. ಆಗ ಡಾಲ್ಫಿನ್ನಿನ ಬೆನ್ನೂ ಅಲೆಯೂ ಒಂದೇ. ಇಲ್ಲಿ ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲಿ ಇರುವುದು ಬೆನ್ನ ಮೇಲೆ ಗೂನಿರುವ ಬೂದುಬಣ್ಣದ ಜಾತಿ. ಉಸಿರಿಗೆಂದು ಮೇಲೆ ಬಂದಾಗ ಮೊದಲು ಮೂತಿ, ಆಮೇಲೆ ಗೂನು, ಅದರ ಮೇಲಿನ ಸಣ್ಣ ರೆಕ್ಕೆ ಕಂಡು ಮರೆಯಾಗುತ್ತವೆ. ಮೀನಿನ ಬಾಲ ಎಡಬಲಕ್ಕೆ ಆಡಿದರೆ ಇದರದು ಮೇಲೆ ಕೆಳಗೆ. ಮರಿಗೆ ಹಾಲೂಡಿಸುವ ಸಸ್ತನಿ ಇದೆಂಬುದಕ್ಕೆ ಅದೂ ಒಂದು ಗುರುತು. ಬಾಡಿಗೆ ದೋಣಿಗಳವರು ಡಾಲ್ಫಿನ್ ತೋರಿಸುತ್ತೇವೆಂದು ಕರೆಯುತ್ತಾರೆ. ಎಂಜಿನ್ ನಿಲ್ಲಿಸಿ ಕಾಯುವ ದೋಣಿಯವನು ಸಿಕ್ಕರೆ ಹೋಗಬಹುದು, ಲೈಫ್ ಜಾಕೆಟ್ ತೊಟ್ಟುಕೊಂಡು. ಶಬ್ದದಿಂದಲೇ ದಾರಿ, ಬೇಟೆ ಕಂಡುಕೊಳ್ಳುವ ಪ್ರಾಣಿಯ ಬೆನ್ನಿಗೆ ಬಿದ್ದು ಓಡಿಸುವವನ ದೋಣಿಗೆ ದುಡ್ಡು ಕೊಡುವುದು ತರವಲ್ಲ.

ಗೋಕರ್ಣದಿಂದ ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಇಳಿತದಲ್ಲಿ ತೆರೆದುಕೊಳ್ಳುವ ಅಳಿವೆಯ ಕೆಸರುದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಬಳಚು ಆರಿಸುತ್ತಿರುತ್ತಾರೆ. ಅವರ ಆಚೆ ಬೆಳ್ಳಕ್ಕಿಗಳು ಅದೇ ಕೆಲಸದಲ್ಲಿರುತ್ತವೆ. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಇನ್ನೂ ದಕ್ಷಿಣಕ್ಕೆ, ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬರುತ್ತವೆ. ಹಿಂಗಾಲಿನಿಂದ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೊರಟುಹೋಗುತ್ತವೆ. ಕಾವು ಕೊಡುವುದು ಮರಳಿನ ಬಿಸಿಯೇ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದೂ ಅದೇ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಗಳೇ ಹೆಚ್ಚು. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ ನಾಯಿಗಳಿಂದ ಕಾಯುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಮರಳು ಸರಿಸಿ ಮೇಲೆ ಬರುತ್ತವೆ. ಕತ್ತಲಲ್ಲಿ ಬೆಳಕು ಹೆಚ್ಚಿರುವ ದಿಕ್ಕೇ ಅವಕ್ಕೆ ಕಡಲು. ಅದಕ್ಕೇ ಅಲ್ಲಿ ರಾತ್ರಿ ಹೋದವರು ಟಾರ್ಚು ಹಾಕದೆ, ಮಕ್ಕಳ ಕೈ ಹಿಡಿದು, ಬೇಲಿಯ ಇತ್ತ ಕಡೆ ಕೂರಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಸುಮ್ಮನೆ ಕೂತರೆ, ಅಂಗೈಗಿಂತ ಸಣ್ಣ ಮರಿಗಳು ಒಂದರ ಹಿಂದೊಂದು ಒದ್ದೆ ಮರಳಿನ ಮೇಲೆ ಗೀಟು ಎಳೆಯುತ್ತ ನೀರಿಗಿಳಿಯುವುದು ಕಾಣುತ್ತದೆ.