ಬೊಲೊನ್ಯದ ಮೊಗಸಾಲೆ

ಪ್ರವಾಸ ಹೋಗುವವರಲ್ಲಿ ಎರಡು ಬಗೆ. ಮಾರ್ಗದರ್ಶಕನು ಎತ್ತಿ ಹಿಡಿದ ಕೊಡೆಯನ್ನು ನೋಡುತ್ತ ಗುಂಪಿನ ಹಿಂದೆ ನಡೆಯುವವರು ಒಂದು ಬಗೆ. ತಾವೇ ದಾರಿ ಕೇಳಿ, ತಾವೇ ದಾರಿ ತಪ್ಪಿ, ಊರನ್ನು ಕಾಲಿನಿಂದ ಕಲಿಯುವವರು ಇನ್ನೊಂದು ಬಗೆ. ಮೊದಲಿನವರಿಗೆ ಸುಖ ಹೆಚ್ಚು, ಎರಡನೆಯವರಿಗೆ ಹೇಳಿಕೊಳ್ಳುವ ಸಂಗತಿ ಹೆಚ್ಚು. 34 ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನನಗೆ ನಿವೃತ್ತಿಯ ಮೇಲೆ ಇನ್ನೊಬ್ಬರ ಸಾಲಿನಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಆದುದರಿಂದ 2022ರ ಅಕ್ಟೋಬರಿನಲ್ಲಿ, ಇಟಲಿಯ ಮಿಲಾನಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ನಾನೂ ನನ್ನ ಶ್ರೀಮತಿಯವರೂ ಬೊಲೊನ್ಯವೆಂಬ ಊರಿಗೆ ಇಬ್ಬರೇ ಹೊರಟೆವು.

ಬೊಲೊನ್ಯವನ್ನೇ ಆರಿಸಿದ್ದೇಕೆಂದು ಯಾರಾದರೂ ಕೇಳಬಹುದು. ಅಲ್ಲಿಯ ವಿಶ್ವವಿದ್ಯಾಲಯವು 1088ರಲ್ಲಿ ಹುಟ್ಟಿತೆಂದು ಪರಂಪರೆ ಹೇಳುತ್ತದೆ. ಯುರೋಪಿನಲ್ಲಿ ಅದಕ್ಕಿಂತ ಹಳೆಯದಿಲ್ಲವೆಂಬ ಕೀರ್ತಿ ಅದಕ್ಕಿದೆ. ಶಾಲಾ ಮಾಸ್ತರನಿಗೆ ಅದೇ ಕಾಶಿ. ಹೊರಡುವ ಮುನ್ನ ಮಗನು ಒಂದು ಕಾಗದದ ಮೇಲೆ ಬೀದಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಬರೆದುಕೊಟ್ಟನು. ಬೀಗದ ಕೈಯನ್ನು ಕೊಡಲು ಅಲ್ಲಿ ಯಾರೂ ಇರುವುದಿಲ್ಲವಂತೆ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯ ಅಂಕಿಗಳನ್ನು ತಿರುಗಿಸಿದರೆ ಅದು ತಾನೇ ತೆರೆದುಕೊಳ್ಳುವುದಂತೆ.

ನಿಧಾನದ ರೈಲಿನಲ್ಲಿ ಪ್ರಯಾಣ ಮೂರು ಗಂಟೆಯಷ್ಟಾಯಿತು. ಪೋ ನದಿಯನ್ನು ದಾಟಿದ ಮೇಲೆ ಎರಡೂ ಕಡೆ ಚಪ್ಪಟೆಯಾದ ಹೊಲಗಳು. ಉತ್ತಿದ ಮಣ್ಣನ್ನು ಕಂಡು ಶ್ರೀಮತಿಯವರು, “ನಮ್ಮ ದೇವಣಿ ಎತ್ತು ಇಲ್ಲಿ ಇರಬೇಕಾಗಿತ್ತು” ಎಂದರು. ವಲಾಂಡಿಯವರು ಎಲ್ಲಿ ಹೋದರೂ ದೇವಣಿಯ ಎತ್ತನ್ನು ಮರೆಯುವುದಿಲ್ಲ.

ಬೊಲೊನ್ಯದಲ್ಲಿ ಇಳಿದು ನಿಲ್ದಾಣದ ಹೊರಗೆ ಬಂದು ಹಿಂದಿರುಗಿ ನೋಡಿದೆ. ಗೋಡೆಯ ಗಡಿಯಾರದಲ್ಲಿ 10 ಗಂಟೆ 25 ನಿಮಿಷ; ನನ್ನ ಕೈಗಡಿಯಾರದಲ್ಲಿ ನಾಲ್ಕು ದಾಟಿತ್ತು. “ಇಷ್ಟು ದೊಡ್ಡ ನಿಲ್ದಾಣ! ಗಡಿಯಾರವನ್ನು ಸರಿಪಡಿಸುವವರೊಬ್ಬರೂ ಇಲ್ಲವೇ?” ಎಂದು ಹಳೆಯ ಚಾಳಿಯಂತೆ ಕೆಂಪು ಮಸಿಯ ಗೆರೆಯೆಳೆದೆ. ಅಷ್ಟರಲ್ಲಿ ಮಳೆ ಹನಿಯತೊಡಗಿದ್ದರಿಂದ ಮತ್ತೆ ಒಳಗೆ ಹೋಗಿ ನಿರೀಕ್ಷಣಾಲಯದಲ್ಲಿ ಕುಳಿತೆವು. ಅಲ್ಲಿ ಗೋಡೆಯೊಂದನ್ನು ಸೀಳಿದಂತೆಯೇ ಬಿಟ್ಟಿದ್ದಾರೆ. ಪಕ್ಕದ ಕಲ್ಲಿನಲ್ಲಿ ಹೆಸರುಗಳ ಸಾಲು, ಪ್ರತಿ ಹೆಸರಿನ ಮುಂದೆ ಒಂದು ವಯಸ್ಸು. 1980ರ ಆಗಸ್ಟ್ 2ರಂದು, ಬೆಳಗಿನ 10 ಗಂಟೆ 25 ನಿಮಿಷಕ್ಕೆ, ಆ ಕೋಣೆಯಲ್ಲಿ ಬಾಂಬು ಸಿಡಿದು 85 ಜನ ಮಡಿದರು. ರಜೆಗೆಂದು ಹೊರಟು ರೈಲಿಗಾಗಿ ಕಾದಿದ್ದವರು ಅವರಲ್ಲಿ ಎಷ್ಟೋ ಮಂದಿ. ಗಡಿಯಾರ ಕೆಟ್ಟಿರಲಿಲ್ಲ, ಊರು ಅದನ್ನು ಬೇಕೆಂದೇ ನಿಲ್ಲಿಸಿತ್ತು. ನಾಚಿಕೆಯಿಂದ ನಾನು ಮಾತಾಡದೆ ಎದ್ದೆ.

ನಿಲ್ದಾಣದಿಂದ ಊರಿನ ನಡುವಿಗೆ ಹೋಗುವ ಬೀದಿಯ ಹೆಸರು ‘ಇಂದಿಪೆಂದೆಂತ್ಸಾ’, ಎಂದರೆ ಸ್ವಾತಂತ್ರ್ಯ. ಮಳೆ ಬಲವಾಗಿದ್ದರೂ ನಮಗೆ ಕೊಡೆ ಬೇಕಾಗಲಿಲ್ಲ. ಬೀದಿಯುದ್ದಕ್ಕೂ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿಕೊಂಡಿದೆ. ಕೆಳಗೆ ಕಂಬಗಳ, ಕಮಾನುಗಳ ಸಾಲು. ಆ ನೆರಳಿನಲ್ಲಿ ಜನರು ನಡೆಯುತ್ತಾರೆ. ಅವರು ಇದನ್ನು ಪೋರ್ಟಿಕೊ ಎನ್ನುತ್ತಾರೆ. ನಾನು ಮೊಗಸಾಲೆ ಎಂದುಕೊಂಡೆ. ಇಂಥ ಮೊಗಸಾಲೆಗಳು ಆ ಊರಿನಲ್ಲಿ ಒಟ್ಟು 62 ಕಿಲೋಮೀಟರಿನಷ್ಟಿವೆ. 2021ರಲ್ಲಿ ಯುನೆಸ್ಕೊ ಸಂಸ್ಥೆಯು ಅವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಪರಸ್ಥಳದ ವಿದ್ಯಾರ್ಥಿಗಳೂ ಕೆಲಸಗಾರರೂ ಬಂದು ತುಂಬಿದಾಗ, ಮನೆಯವರು ಕೋಣೆಗಳನ್ನು ಬೀದಿಯ ಕಡೆಗೆ ಚಾಚಿ ಕಂಬ ಕೊಟ್ಟರು. 1288ರಲ್ಲಿ ಪೌರಸಭೆಯು ಕಟ್ಟಳೆಯನ್ನೇ ಮಾಡಿತು: ಮನೆ ಕಟ್ಟುವವನು ಮುಂದೆ ಮೊಗಸಾಲೆಯನ್ನು ಬಿಡಲೇಬೇಕು, ನೆಲ ಅವನದು, ನಡೆಯುವ ಹಕ್ಕು ಎಲ್ಲರದು.

ನಮ್ಮ ವಿಳಾಸದ ಬೀದಿ ಸಿಕ್ಕಿತು, ಬಾಗಿಲೂ ಸಿಕ್ಕಿತು, ಪೆಟ್ಟಿಗೆಯೂ ಸಿಕ್ಕಿತು. ಅದು ಮಾತ್ರ ತೆರೆಯಲಿಲ್ಲ. ಅಂಕಿಗಳನ್ನು ಹತ್ತು ಸಲ ತಿರುಗಿಸಿದೆ. ಅರ್ಧ ಗಂಟೆ ಕಳೆಯಿತು, ಕತ್ತಲಾಗುತ್ತ ಬಂದಿತು, ಶ್ರೀಮತಿಯವರು ಗಂಟಿನ ಮೇಲೆ ಕುಳಿತರು. ಆಗ ಪಕ್ಕದ ಬಾಗಿಲಿನಿಂದ ವೃದ್ಧೆಯೊಬ್ಬರು ಹೊರಬಂದು ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಆಕೆ ಅದನ್ನೇ ಇನ್ನೂ ಗಟ್ಟಿಯಾಗಿ ಕೇಳಿದರು. ನನ್ನ ಬಾಯಿ ಒಣಗಿತು. ಎರಡು ಪದವಿಗಳನ್ನು ಪಡೆದ ನಾನು, ಪಾಠ ಬಾರದ ಹುಡುಗನಂತೆ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತೆ.

ಶ್ರೀಮತಿಯವರಿಗೆ ಅಂಥ ಸಂಕೋಚವಿರಲಿಲ್ಲ. ಕೈಯನ್ನು ಬಾಯಿಯ ಬಳಿ ತಂದು, ಅಚ್ಚ ವಲಾಂಡಿಯ ಕನ್ನಡದಲ್ಲಿ, “ಅವ್ವಾ, ನೀರು” ಎಂದರು. ವೃದ್ಧೆ ಒಳಗೆ ಹೋಗಿ ಗಾಜಿನ ಲೋಟದಲ್ಲಿ ನೀರನ್ನು ತಂದುಕೊಟ್ಟು, ನಾವು ಕುಡಿದು ಮುಗಿಸಿದ ಮೇಲೆ ಲೋಟವನ್ನು ತೋರಿಸಿ, “ಆಕ್ವಾ” ಎಂದರು. ನಾವು, “ಆಕ್ವಾ” ಎಂದೆವು. ಆಮೇಲೆ ನನ್ನ ಕಾಗದವನ್ನು ಓದಿ, ನಕ್ಕು, ಕೈ ಹಿಡಿದು ಮುಂದಿನ ಬಾಗಿಲಿಗೆ ಕರೆದೊಯ್ದರು. ನಾವು ಒಂದು ಮನೆ ಹಿಂದೆಯೇ ನಿಂತುಬಿಟ್ಟಿದ್ದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವನ್ನು ಹೇಳಬೇಕಾದರೆ ನಮ್ಮ ಸೀಮೆಗೆ ಮರಳಬೇಕು.

ಉದಗೀರ, ನಿಲಂಗಾ ತಾಲೂಕುಗಳು 1956ರ ಅಕ್ಟೋಬರ್ ಮುಗಿಯುವವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ಬೀದರ ಮೈಸೂರಿಗೆ ಸೇರಿತು, ಈ ತಾಲೂಕುಗಳು ಮುಂಬಯಿಗೆ ಸೇರಿದವು. 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿವೆ. ನನ್ನ ಮನೆಯ ಮಾತು ಕನ್ನಡ, ಸೇರಿದ ಶಾಲೆ ಮರಾಠಿಯದು. ಮೊದಲ ವಾರದಲ್ಲಿ ಗುರುಗಳು ತಂಬಿಗೆಯನ್ನು ತೋರಿಸಿ ಇದರಲ್ಲಿ ಏನಿದೆಯೆಂದು ಕೇಳಿದರು. “ನೀರು” ಎಂದೆ. ತರಗತಿ ನಕ್ಕಿತು. ಗುರುಗಳು ನಗಲಿಲ್ಲ. “ನೀರು” ಎಂದು ತಾವೂ ಒಮ್ಮೆ ಹೇಳಿ, ಬಳಿಕ “ಪಾಣಿ” ಎಂದರು. ಅಷ್ಟೇ. ಆ ದಿನದಿಂದ ನನಗೆ ಮರಾಠಿಯ ಭಯ ಹೋಯಿತು, ಕನ್ನಡದ ನಾಚಿಕೆಯೂ ಬರಲಿಲ್ಲ.

ಇಂಥ ಗುರುವಿನ ಶಿಷ್ಯನಾದ ನಾನು ಮುಂದೆ ಗಡಿಯ ಆಚೆ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾದೆ. 1984ರ ಜೂನ್ ತಿಂಗಳು. ತಾಂಡಾದಿಂದ ಹೊಸದಾಗಿ ಬಂದ ಲಂಬಾಣಿ ಹುಡುಗನೊಬ್ಬ ಪಾಠದ ನಡುವೆ ಎದ್ದು, “ಪಾಣಿ” ಎಂದನು. ಆ ಶಬ್ದವು ನನಗೆ ಬಾರದ್ದೇ? ಬಾಲ್ಯದಲ್ಲಿ ಕಲಿತ ಶಬ್ದವೇ ಅದು. ಆದರೂ, “ನೀರು ಎನ್ನು, ಆಮೇಲೆ ಹೋಗು” ಎಂದೆ. ಅವನು ಸುಮ್ಮನೆ ನಿಂತನು. ನಾನು ಇನ್ನೂ ಗಟ್ಟಿಯಾಗಿ ಹೇಳಿದೆ. ತರಗತಿ ನಕ್ಕಿತು, ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಗಂಟೆ ಬಾರಿಸುವವರೆಗೆ ಅವನು ಹೆಬ್ಬೆರಳನ್ನು ನೋಡುತ್ತ ನಿಂತಿದ್ದನು. ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಗೈರುಹಾಜರಿಯ ಗುರುತನ್ನು ಹಾಕಿ, ಆಮೇಲೆ ಹೆಸರನ್ನು ಹೊಡೆದುಹಾಕಿದೆ. ತಾಂಡಾಕ್ಕೆ ಹೋಗಿ ಕೇಳಲಿಲ್ಲ.

ಕನ್ನಡದ ಮೇಲಿನ ಅಭಿಮಾನದಿಂದ ಹಾಗೆ ಮಾಡಿದೆನೆಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೊಲೊನ್ಯದ ಆ ರಾತ್ರಿ ಈ ಸಮಾಧಾನ ನಿಲ್ಲಲಿಲ್ಲ. ಮೊಗಸಾಲೆಯನ್ನು ಬಿಟ್ಟುಕೊಟ್ಟವನ ಮನೆ ಕಿರಿದಾಗಿರಲಿಲ್ಲ. ಕಂಬಗಳ ಮೇಲೆ ಅವನ ಕೋಣೆ ಇನ್ನಷ್ಟು ಹಿಗ್ಗಿತ್ತು. ಭಾಷೆಯೆಂಬ ಮನೆಗೂ ಇದೇ ಕಟ್ಟಳೆಯಿರಬೇಕಲ್ಲವೇ? ಹೊಸಬನು ಮಳೆಯಲ್ಲಿ ಬಂದು ನಿಲ್ಲುವಷ್ಟು ಸ್ಥಳ, ಒಳಗೆ ಬರಲು ಧೈರ್ಯ ಬರುವವರೆಗೆ. ನಾನು ಬಾಗಿಲಿನಲ್ಲೇ ಪರೀಕ್ಷೆಯಿಟ್ಟೆ.

ಮರುದಿನ ಊರನ್ನು ನೋಡಿದೆವು. ವಾಲಿದ ಗೋಪುರಗಳು, ದೊಡ್ಡ ಚೌಕ, ಸಂತ ಪೆತ್ರೋನಿಯೊ ಇಗರ್ಜಿಯ ನೆಲದ ಮೇಲೆ 1655ರಲ್ಲಿ ಖಗೋಳಜ್ಞ ಕಸ್ಸೀನಿ ಎಳೆಸಿದ ಮಧ್ಯಾಹ್ನರೇಖೆ, ಎಲ್ಲವೂ ಚೆನ್ನಾಗಿದ್ದವು. ಹಿಂದಿರುಗುವಾಗ ನಿಲ್ದಾಣದ ಆ ಗಡಿಯಾರದ ಕೆಳಗೆ ಒಂದು ಕ್ಷಣ ನಿಂತೆ. ತಪ್ಪು ಹಿಡಿಯಲಿಲ್ಲ.

ಆ ಹುಡುಗ ಈಗ ಎಲ್ಲಿರುವನೋ! ಎಲ್ಲಿದ್ದರೂ ಅವನಿಗೆ ಐವತ್ತು ದಾಟಿರಬೇಕು. ಅವನಿಗೆ ಕೊಡಬೇಕಾದುದನ್ನು ನಾನಿನ್ನು ಕೊಡಲಾರೆ. ಇನ್ನೂ ಕಪ್ಪುಹಲಗೆಯ ಮುಂದೆ ನಿಲ್ಲುವ ಭಾಗ್ಯವುಳ್ಳ ನನ್ನ ಸಹೋದ್ಯೋಗಿಗಳಲ್ಲಿ ಒಂದೇ ಬಿನ್ನಹ. ಬರುವ ಜೂನಿನಲ್ಲಿ ಮಗುವೊಂದು ಎದ್ದು “ಪಾಣಿ” ಎಂದರೆ, ಮೊದಲು ನೀರು ಕೊಡಿ. ಪಾಠ ಆಮೇಲೆ.