ನಡುವೆ ನಿಲ್ಲದ ಹಾಡಿನ ಪುಟ

ನಮ್ಮ ಗೃಹಿಣಿಯು ತೀರಿಕೊಂಡು ಎರಡು ವರ್ಷಗಳಾದುವು. ಆಕೆಯ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಒಂದು ಹಾಡಿನ ಪುಸ್ತಕವಿದ್ದಿತು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಸುವಾಗ ಹೇಳುತ್ತಿದ್ದ ತ್ರಿಪದಿಗಳು, ಎಲ್ಲವೂ ತನ್ನ ತಾಯಿಯ ಬಾಯಿಂದ ಕೇಳಿ ಆಕೆ ಬರೆದುಕೊಂಡವು. ಹಾಳೆಗಳ ಅಂಚು ಉದುರತೊಡಗಿದ್ದಿತು, ಮಗಳಿರುವುದೋ ಬೆಂಗಳೂರಿನಲ್ಲಿ. ಆದುದರಿಂದ ಅವನ್ನೆಲ್ಲ ಒಂದು ವೆಬ್ ಪುಟವಾಗಿ ಮಾಡಿ ಆಕೆಗೆ ಕಳುಹಿಸಬೇಕೆಂದು ಗೆಂಡೆಹಳ್ಳಿಯ ಮನೆಯಲ್ಲಿ ಕುಳಿತು ಸಂಕಲ್ಪಿಸಿದೆವು. ಅರುವತ್ತರ ವಯಸ್ಸಿನಲ್ಲಿ ಇದೇನು ಹುಚ್ಚೆಂದು ವಾಚಕರು ನಗಬಹುದು. ಪಾಣಿನಿಯ ಸೂತ್ರಗಳೊಡನೆ ಜೀವಮಾನವೆಲ್ಲ ಹೆಣಗಿದವರಿಗೆ ಸೂತ್ರಗಳ ಭಯವಿಲ್ಲ.

ಪುಟದ ರೂಪವನ್ನು ನಿಯಮಿಸುವುದಕ್ಕೆ ಸಿಎಸ್‌ಎಸ್ ಎಂಬ ಸೂತ್ರಭಾಷೆಯೊಂದುಂಟು. ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬವರು ೧೯೯೪ರಲ್ಲಿ ಇದನ್ನು ಮೊದಲು ಸೂಚಿಸಿದರು. ೧೯೯೬ರಲ್ಲಿ ಮೊದಲನೆಯ ಆವೃತ್ತಿಯೂ, ವಸ್ತುಗಳನ್ನು ಬೇಕಾದೆಡೆ ಸ್ಥಾಪಿಸುವ 'ಪೊಸಿಷನ್' ನಿಯಮಗಳುಳ್ಳ ಎರಡನೆಯ ಆವೃತ್ತಿಯು ೧೯೯೮ರಲ್ಲಿಯೂ ಹೊರಬಂದುವು. ನಾವು ಓದಿದ ಹಳೆಯ ಪಾಠವೊಂದರಲ್ಲಿ ಹಾಡಿನ ಚೌಕವನ್ನು ನಡುವಿಗೆ ತರುವ ಉಪಾಯವು ಹೀಗಿದ್ದಿತು: ಚೌಕಕ್ಕೆ ೫೦೦ ಪಿಕ್ಸೆಲ್ ಅಗಲ ಕೊಟ್ಟು, 'ಅಬ್ಸಲ್ಯೂಟ್' ಎಂದು ವಿಧಿಸಿ, ಅದರ ಎಡದ ಅಂಚನ್ನು ಪರದೆಯ ಅರ್ಧದಲ್ಲಿಡುವುದು, ಬಳಿಕ ಎಡದ ಮಾರ್ಜಿನ್ನಿಗೆ ಋಣ ೨೫೦ ಎಂದು ಬರೆದು ಹಿಂದಕ್ಕೆಳೆಯುವುದು. ನಮ್ಮ ಕಂಪ್ಯೂಟರಿನಲ್ಲಿ ನೋಡಲಾಗಿ ಹಾಡು ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತಿದ್ದಿತು. ಸಂತೋಷದಿಂದ ಮಗಳಿಗೆ ಕಳುಹಿಸಿದೆವು.

ಆ ರಾತ್ರಿಯೇ ಆಕೆಯ ಫೋನು ಬಂದಿತು. "ಅಪ್ಪಾ, ಅಮ್ಮನ ಹಾಡಿಗೆ ತಲೆಯೇ ಇಲ್ಲವಲ್ಲ! ಪ್ರತಿ ಸಾಲಿನಲ್ಲೂ ಮೊದಲಿನ ಎರಡಕ್ಷರ ಕಾಣುವುದಿಲ್ಲ. ಎಳೆದು ನೋಡಿದರೂ ಬರುವುದಿಲ್ಲ."

ಲೆಕ್ಕ ಹಾಕಿದೆವು. ಆಕೆಯ ಮೊಬೈಲಿನ ಪರದೆಯ ಅಗಲ ೩೬೦, ಅರ್ಧ ೧೮೦. ಅದರಲ್ಲಿ ೨೫೦ ಕಳೆದರೆ ಚೌಕದ ೭೦ ಪಿಕ್ಸೆಲ್ ಪರದೆಯಿಂದಾಚೆಗೆ ಹೋಯಿತು. ಒಳ ಅಂಚಿನ ಖಾಲಿ ಸ್ಥಳ ೩೦ ಬಿಟ್ಟರೆ, ಉಳಿದ ೪೦ಕ್ಕೆ ಅಕ್ಷರಗಳೇ ಬಲಿ. ಬಲಕ್ಕೆ ಹೊರಚಾಚಿದುದನ್ನು ಸರಿಸಿ ನೋಡಬಹುದು. ಎಡಕ್ಕೆ ಹೋದುದಕ್ಕೆ ದಾರಿಯಿಲ್ಲ, ಪುಟವು ಆರಂಭವಾಗುವುದೇ ಎಡದ ಅಂಚಿನಿಂದ.

ಸಂಸ್ಕೃತ ಶ್ಲೋಕವಾಗಿದ್ದರೆ ನಷ್ಟವು ಇಷ್ಟು ಕಠೋರವಾಗುತ್ತಿರಲಿಲ್ಲ. ಕನ್ನಡ ಪದ್ಯದ ಪ್ರಾಸವಿರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಸಿಂಹ, ಗಜ, ವೃಷಭ ಮೊದಲಾದ ಆರು ಪ್ರಾಸಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ ನಾವೇ, ನಮ್ಮ ಮನೆಯ ಹಾಡುಗಳ ಪ್ರಾಸವನ್ನೇ ಕತ್ತರಿಸಿ ಕಳುಹಿಸಿದ್ದೆವು!

ನಮ್ಮಲ್ಲಿ ಓದಿ ಈಗ ಇದೇ ಕೆಲಸದಲ್ಲಿರುವ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಬಂದಿದ್ದ. ತೋರಿಸಲು, "ಮೇಷ್ಟ್ರೇ, ಬೇಲೂರು ದೇವಸ್ಥಾನದ ಅಂಗಳದ ಕಂಬವನ್ನು ಯಾರೂ ಹೂತಿಲ್ಲ, ತನ್ನ ಭಾರದಿಂದ ತಾನೇ ನಿಂತಿದೆ. ನಿಮ್ಮ ಚೌಕವನ್ನೂ ಹಾಗೆ ಬಿಡಿ, ಎಳೆದು ಕಟ್ಟಬೇಡಿ" ಎಂದನು. 'ಅಬ್ಸಲ್ಯೂಟ್' ಎಂದರೆ ಪಂಕ್ತಿಯಿಂದ ಎದ್ದುಹೋದವನಂತೆ; ಪಕ್ಕದವರು ಸರಿದು ಅವನ ಸ್ಥಳವನ್ನು ತುಂಬಿಬಿಡುತ್ತಾರೆ. ಪುಟದ ಕೊನೆಗಿರಬೇಕಾದ ಆಕೆಯ ಹೆಸರು ಹಾಡಿನಡಿಗೆ ನುಗ್ಗಿ ಅಡಗಿದ್ದುದೇಕೆಂದು ಆಗ ತಿಳಿಯಿತು. 'ರಿಲೇಟಿವ್' ಎಂಬುದು ಎಲೆಯನ್ನು ಬಿಡದೆ ಪಕ್ಕಕ್ಕೆ ವಾಲಿ ಕುಳಿತವನಂತೆ. ಅವನ ಸ್ಥಳ ಅವನಿಗೇ ಇರುತ್ತದೆ. ಇಲ್ಲಿ ಎರಡೂ ಬೇಡವಾಗಿದ್ದುವು. ಅಗಲವನ್ನು ೫೦೦ಕ್ಕೆ ಮೀರದಂತೆ ಮಿತಿಗೊಳಿಸಿ, ಎಡಬಲಗಳ ಮಾರ್ಜಿನ್ನಿಗೆ 'ಆಟೋ' ಎಂದು ಬರೆದರೆ ಉಳಿದ ಸ್ಥಳವನ್ನು ಸಮನಾಗಿ ಹಂಚಿಕೊಂಡು ಚೌಕವು ನಡುವೆ ಕೂರುತ್ತದೆ. ಪರದೆ ಕಿರಿದಾದರೆ ತಾನೂ ಕುಗ್ಗುತ್ತದೆ.

ಇಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಆದರೆ ನಾವು ಜಾಣತನ ಹೆಚ್ಚಾಗಿ, ಸಾಲುಗಳನ್ನೂ ಒಂದೊಂದಾಗಿ ನಡುವಿಗೆ ತರುವ ಸೂತ್ರವನ್ನು ಸೇರಿಸಿದೆವು. ಮದುವೆಯ ಕರೆಯೋಲೆಯಂತೆ ಚೆಂದ ಕಂಡಿತು. ಆದರೆ ಉದ್ದದ ಸಾಲು ಒಂದೆಡೆ, ಗಿಡ್ಡನೆಯದು ಇನ್ನೊಂದೆಡೆ ಆರಂಭವಾಗಿ ಪ್ರಾಸಾಕ್ಷರಗಳು ಚದುರಿಹೋದುವು. ಆ ಸೂತ್ರವನ್ನು ತೆಗೆದು ಸಾಲುಗಳನ್ನು ಎಡಕ್ಕೆ ನಿಲ್ಲಿಸಿ, ಚೌಕದ ಅಗಲಕ್ಕೆ 'ಫಿಟ್-ಕಂಟೆಂಟ್' ಎಂದು ವಿಧಿಸಿದೆವು. ಅತಿ ಉದ್ದದ ಸಾಲು ಎಷ್ಟೋ ಚೌಕವೂ ಅಷ್ಟೇ. ಚೌಕವು ನಡುವಿನಲ್ಲಿ, ಎರಡನೆಯ ಅಕ್ಷರಗಳು ಹೆಚ್ಚುಕಡಮೆ ಒಂದರ ಕೆಳಗೊಂದು. ಮುರಿದ ಸಾಲಿನ ಬಾಲವು ಹೊಸ ಸಾಲೆಂದು ತೋರದಂತೆ ಅದನ್ನು ಸ್ವಲ್ಪ ಒಳಗೆ ಸರಿಸಿದೆವು. ಉದ್ದದ ಹಾಡನ್ನು ತೆರೆದೊಡನೆ ಕಂಪ್ಯೂಟರಿನಲ್ಲಿ ಬದಿಗೆ ಸ್ಕ್ರಾಲ್ ಪಟ್ಟಿ ಮೂಡಿ ಪುಟವೆಲ್ಲ ತುಸು ಎಡಕ್ಕೆ ಜರುಗುತ್ತಿದ್ದಿತು. 'ಸ್ಕ್ರಾಲ್‌ಬಾರ್-ಗಟರ್' ಎಂಬುದಕ್ಕೆ 'ಸ್ಟೇಬಲ್' ಎಂದು ಬರೆದು ಆ ಪಟ್ಟಿಗೆ ಮೊದಲೇ ಸ್ಥಳ ಕಾದಿರಿಸಿದೆವು.

ಮೊನ್ನೆ ಮಗಳು ಮತ್ತೆ ಫೋನು ಮಾಡಿದಳು. "ಅಪ್ಪಾ, ಬೀಸುವ ಪದದಲ್ಲಿ ಎರಡು ಸಾಲಿಗೆ ಳ ಇದೆ, ಮೂರನೆಯದಕ್ಕೆ ಲ ಇದೆ. ಅಮ್ಮ ಹಾಗೆ ಬರೆದಿರಲಿಕ್ಕಿಲ್ಲ."

ಪುಸ್ತಕವನ್ನು ತೆಗೆದು ನೋಡಿದೆವು. ಆಕೆ ಳ ಎಂದೇ ಬರೆದಿದ್ದಳು. ತಪ್ಪಿದ್ದು ನಮ್ಮ ಬೆರಳು. ದೀಪ ಹಚ್ಚುವ ಮೊದಲೇ ತಿದ್ದಿದೆವು.