ಹವಾಮಾನ ತಿಳಿಯಾಗುವವರೆಗೆ

ನಾನು ಹುಕ್ಕೇರಿ ತಾಲ್ಲೂಕಿನ ದಡ್ಡಿಯವನು. ನಮ್ಮ ಭಾಗದ ಹಿಡಕಲ್ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,175 ಅಡಿ. ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಬೆಳೆದವನು ನಾನು. 2018ರ ಚಳಿಗಾಲದಲ್ಲಿ ನನ್ನ ಡ್ಯೂಟಿ ಸಿಯಾಚಿನ್‌ಗೆ ಬಿತ್ತು. ನಮ್ಮ ಪೋಸ್ಟ್ ಸುಮಾರು 18,000 ಅಡಿ ಎತ್ತರದಲ್ಲಿತ್ತು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ.

ಅಷ್ಟು ಎತ್ತರಕ್ಕೆ ಯಾರನ್ನೂ ನೇರವಾಗಿ ಹತ್ತಿಸುವುದಿಲ್ಲ. ಮೊದಲ ಹಂತದಲ್ಲಿ 6 ದಿನ, ಎರಡನೆಯದರಲ್ಲಿ 4, ಮೂರನೆಯದರಲ್ಲಿ 4 ದಿನ ನಿಲ್ಲಿಸಿ, ದೇಹ ಹೊಂದಿಕೊಂಡ ಮೇಲೆಯೇ ಮುಂದಕ್ಕೆ ಕಳಿಸುತ್ತಾರೆ. ನಾನು ಮೂರನ್ನೂ ಮುಗಿಸಿದ್ದೆ. ಡಾಕ್ಟರು ಫಿಟ್ ಎಂದು ಬರೆದಿದ್ದರು. ಆದರೂ ಕಾಯಿಲೆ ಬಂತು.

ಮೊದಲು ಒಣ ಕೆಮ್ಮು ಶುರುವಾಯಿತು. ರಾತ್ರಿ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಎದ್ದು ಕೂತರೆ ಸ್ವಲ್ಪ ಸಿಗುತ್ತಿತ್ತು. ನರ್ಸಿಂಗ್ ಅಸಿಸ್ಟೆಂಟ್ ಎದೆಗೆ ಕಿವಿಯಿಟ್ಟು ಕೇಳಿದ. ಒಳಗೆ ಗುಳುಗುಳು ಸದ್ದು ಇದೆ ಎಂದ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ ಅದು. ಆಕ್ಸಿಜನ್ ಮತ್ತು ಮಾತ್ರೆ ಕೊಡುತ್ತಾರೆ. ಆದರೆ ನಿಜವಾದ ಔಷಧ ಕೆಳಗಿಳಿಯುವುದೊಂದೇ. ಅವನು ರೇಡಿಯೋದಲ್ಲಿ ಬೇಸ್‌ಗೆ ತಿಳಿಸಿದ. ಬೆಳಕು ಹರಿದ ಕೂಡಲೇ ಚೀತಾ ಹೊರಡುತ್ತದೆ, ಹವಾಮಾನ ಬಿಟ್ಟುಕೊಟ್ಟರೆ, ಎಂದು ಉತ್ತರ ಬಂತು.

ಚೀತಾ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಪುಟ್ಟ ಹೆಲಿಕಾಪ್ಟರ್. ಅದಕ್ಕೆ ಒಂದೇ ಎಂಜಿನ್. ತೆಳು ಗಾಳಿಯಲ್ಲಿ ಅದು ಹೆಚ್ಚು ಭಾರ ಎತ್ತಲಾರದು. ಅಲ್ಲಿ ಜೋಡಿಯಾಗಿ ಹಾರುತ್ತಾರೆ, ಒಂದಕ್ಕೆ ತೊಂದರೆಯಾದರೆ ಇನ್ನೊಂದು ಇರಲಿ ಎಂದು. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಆದ್ದರಿಂದ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಬೇಕು.

ಜೊತೆಗಾರರು ಕತ್ತಲಲ್ಲೇ ಎದ್ದು ಹೆಲಿಪ್ಯಾಡಿನ ಹಿಮ ತುಳಿದು ಗಟ್ಟಿ ಮಾಡಿದರು. ಸುತ್ತ ಬಣ್ಣದ ಬಟ್ಟೆ ಕಟ್ಟಿದರು. ನೆಲವೂ ಬಿಳಿ, ಮೋಡವೂ ಬಿಳಿಯಾದರೆ ನೆಲ ಎಷ್ಟು ಕೆಳಗಿದೆ ಎಂಬುದು ಪೈಲಟ್‌ಗೆ ತಿಳಿಯುವುದಿಲ್ಲ.

ಹೆಲಿಕಾಪ್ಟರ್ ಸದ್ದು ಕೇಳಿಸಿತು. ಹತ್ತಿರ ಬಂತು. ಆಮೇಲೆ ದೂರವಾಯಿತು. ಕಣಿವೆಯಲ್ಲಿ ಮೋಡ ಇಳಿದಿತ್ತು, ಪೈಲಟ್ ವಾಪಸ್ ಹೋದರು. ನನಗೆ ತುಂಬಾ ಹೆದರಿಕೆಯಾಯಿತು. ಅಷ್ಟು ಹೊತ್ತಿಗೆ ಕಫದಲ್ಲಿ ಗುಲಾಬಿ ನೊರೆ ಕಾಣುತ್ತಿತ್ತು. ಅದರ ಅರ್ಥ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ನನ್ನನ್ನು ಒತ್ತಡದ ಚೀಲದೊಳಗೆ ಮಲಗಿಸಿ ಜಿಪ್ ಹಾಕಿದರು. ಪಂಪಿನಿಂದ ಗಾಳಿ ತುಂಬಿದಾಗ ಒಳಗಿನ ಒತ್ತಡ ಏರುತ್ತದೆ. 18,000 ಅಡಿಯಲ್ಲಿರುವವನಿಗೆ ಸುಮಾರು 12,000 ಅಡಿಯ ಗಾಳಿ ಸಿಗುತ್ತದೆ. ಆದರೆ ಪಂಪ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಒಳಗಿನವನು ಬಿಟ್ಟ ಉಸಿರೇ ಅವನಿಗೆ ವಿಷ. ಪೋಸ್ಟಿನವರು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಕಾಲಲ್ಲಿ ಪಂಪ್ ತುಳಿದರು. ಆ ಎತ್ತರದಲ್ಲಿ ಹತ್ತು ಹೆಜ್ಜೆ ನಡೆದರೇ ಏದುಸಿರು ಬರುತ್ತದೆ.

ಗೋಕಾಕ ಕಡೆಯವನೊಬ್ಬನಿದ್ದ. ಚೀಲದ ಕಿಟಕಿಗೆ ಮುಖ ಇಟ್ಟು, 'ಮಲಗಬ್ಯಾಡಪಾ, ಕೈ ಅಲುಗಾಡಿಸ್ಕೋತ ಇರು' ಎನ್ನುತ್ತಿದ್ದ. ನಾನು ಕೈ ಎತ್ತಿ ತೋರಿಸುತ್ತಿದ್ದೆ. ಆ ರಾತ್ರಿ ಹನುಮಂತಪ್ಪ ಕೊಪ್ಪದ ಅವರ ನೆನಪಾಯಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರುವರಿ 3ರಂದು ಇದೇ ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ದಿನಗಟ್ಟಲೆ ಹೂತಿದ್ದು, ಜೀವಂತ ಸಿಕ್ಕಿದ್ದರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ನಮ್ಮವ್ವ ಟಿವಿ ಮುಂದೆ ಕೂತು ಅತ್ತಿದ್ದಳು.

ಬೆಳಿಗ್ಗೆ ಆಕಾಶ ಬಿಚ್ಚಿತು. ಹೆಲಿಕಾಪ್ಟರ್ ಇಳಿಯಿತು. ಎಂಜಿನ್ ಆರಿಸಲಿಲ್ಲ. ಆರಿಸಿದರೆ ಆ ಚಳಿಯಲ್ಲಿ ಮತ್ತೆ ಶುರುವಾಗುವ ಭರವಸೆ ಇಲ್ಲ. ನನ್ನನ್ನು ಎತ್ತಿ ಹಾಕಿದರು, ಹಾರಿದರು. ಕೆಳಗಿಳಿದಂತೆ ಉಸಿರು ಬಂತು. ನುಬ್ರಾ ಕಣಿವೆಯ ಸೇನಾ ಆಸ್ಪತ್ರೆಯಲ್ಲಿ ಮೊದಲ ಬಾರಿ ಬೆನ್ನು ಹಾಸಿಗೆಗೆ ಹಚ್ಚಿ ನಿದ್ದೆ ಮಾಡಿದೆ.

ಓಡಾಡುವಂತಾದ ಮೇಲೆ ಮನೆಗೆ ಫೋನ್ ಮಾಡಿದೆ. 'ಸ್ವಲ್ಪ ಕೆಮ್ಮು ಬಂದಿತ್ತವ್ವ, ಈಗ ಆರಾಮ ಅದೀನಿ' ಎಂದೆ. 'ಉಣ್ಣಾಕ ಏನ ಕೊಡ್ತಾರ?' ಎಂದು ಕೇಳಿದಳು. ಉಳಿದದ್ದನ್ನು ರಜೆಗೆ ಊರಿಗೆ ಬಂದಾಗ ಹೇಳಿದೆ.

ವಾಪಸ್ ಹೋದ ಆ ಪೈಲಟ್ ಮೇಲೆ ನನಗೆ ಸಿಟ್ಟಿಲ್ಲ. ಮೋಡದಲ್ಲಿ ಇಳಿದಿದ್ದರೆ ನನ್ನ ಜೊತೆ ಅವರೂ ಹೋಗುತ್ತಿದ್ದರು. ಅವರು ತಿರುಗಿ ಹೋದ ಮೇಲೂ ನಾನು ಉಳಿದೆ, ಏಕೆಂದರೆ ಪೋಸ್ಟಿನಲ್ಲಿ ಚೀಲ ಇತ್ತು, ಸಿಲಿಂಡರ್ ಇದ್ದವು, ತುಳಿಯುವ ಕಾಲುಗಳಿದ್ದವು.

ನಮ್ಮ ಕಡೆಯ ಹುಡುಗರು ಈಗಲೂ ಭರ್ತಿಗೆಂದು ನಸುಕಿನಲ್ಲಿ ರಸ್ತೆ ಮೇಲೆ ಓಡುತ್ತಾರೆ. ಕೇಳಿದವರಿಗೆ ಎರಡು ಮಾತು ಹೇಳುತ್ತೇನೆ. ಕೆಮ್ಮು ಬಂದ ರಾತ್ರಿಯೇ ಹೇಳಿಬಿಡಿ, ನಾಚಿಕೊಳ್ಳಬೇಡಿ. ಹೆಲಿಕಾಪ್ಟರ್ ನಾಳೆ ಬರುವುದಿಲ್ಲ ಎಂದುಕೊಂಡೇ ಇವತ್ತು ಸಿಲಿಂಡರ್ ಎಣಿಸಿ ಇಡಿ.